ಕೆಂಪಿಗೆ ಕೆಂಪು, ಕರಿಗೆ ಕರಿ

ಹುನಗುಂದದ ಈಚೆಗಿರುವ ವಿದ್ಯುತ್ ಮಗ್ಗದ ಶೆಡ್ಡಿನ ಮಾಲೀಕ ಇಳಕಲ್ಲಿನ ಹದಿನಾರು ನೇಕಾರರನ್ನು ತರುತ್ತಿದ್ದ ಟೆಂಪೊ ನಿಲ್ಲಿಸಿದ. ಎಂಟಕ್ಕೆ ಗೇಟು ಮುಚ್ಚುವ ನಿಯಮವನ್ನು ಹಾಗೇ ಇಟ್ಟ.

ಇಳಕಲ್ಲಿನಿಂದ ಹೊರಟ ಮೊದಲ ಬಸ್ಸು ಶೆಡ್ಡಿನ ಮುಂದೆ ಹಾಯುವುದು ಎಂಟೂ ಹತ್ತಕ್ಕೆ. ಮೂರು ಸಲ ತಡವಾದರೆ ಮಗ್ಗ ಬೇರೆಯವರಿಗೆ. ಏಳನೇ ನಂಬರಿನ ಮಗ್ಗದ ಶಿವಪುತ್ರನಿಗೆ ಆಗಲೇ ಎರಡು ಸಲ ತಡವಾಗಿತ್ತು. ಹನ್ನೊಂದು ವರ್ಷ ಆ ಮಗ್ಗದ ಮುಂದೆ ನಿಂತವನು ಅವನು. ಅದರ ಸದ್ದು ಕಿವಿಯಲ್ಲಿ ಎಷ್ಟು ಕೂತುಬಿಟ್ಟಿತ್ತೆಂದರೆ, ಮನೆಯಲ್ಲಿ ಹೆಂಡತಿ ಮಾದೇವಿ ಮಾತು ನಿಲ್ಲಿಸಿದ ಕೂಡಲೇ ಎಳೆ ಹರಿಯಿತೇನೋ ಎಂದು ಬೆಚ್ಚಿ ಎದ್ದು ಕೂರುತ್ತಿದ್ದ.

ಹನ್ನೊಂದು ಕಿಲೋಮೀಟರ್ ಸೈಕಲ್ ತುಳಿದು ಹೋಗಬಹುದಿತ್ತು. ಆದರೆ ತುಳಿದು ಹೋದ ಕಾಲುಗಳು ಆಮೇಲೆ ಹತ್ತು ತಾಸು ನಿಲ್ಲಲು ಒಪ್ಪುತ್ತಿರಲಿಲ್ಲ. ಹೀಗಾಗಿ ಶಿವಪುತ್ರ ಕನಸು ಕಾಣತೊಡಗಿದ. ಕನಸಿನಲ್ಲಿ ಅವನು ಸೈಕಲ್ಲಿನ ಮೇಲೆ ಸುಮ್ಮನೆ ಕೂತಿರುತ್ತಿದ್ದ. ರಸ್ತೆಯೇ ಮಗ್ಗದ ಹಾಸಿನ ಹಾಗೆ ಅವನ ಕೆಳಗೆ ಸುತ್ತಿಕೊಳ್ಳುತ್ತ ಹೋಗುತ್ತಿತ್ತು.

ಅದು ಎರಡು ಸಾವಿರದ ಎಂಟನೆಯ ಇಸವಿ. ಬ್ಯಾಟರಿ ಸ್ಕೂಟರುಗಳು ಊರಿಗೆ ಆಗಷ್ಟೇ ಬಂದು, ಆಗಷ್ಟೇ ಕೆಟ್ಟು ಬಿದ್ದಿದ್ದವು. ಸೈಕಲ್ ರಿಪೇರಿಯ ಶಾಬುದ್ದೀನನ ಅಂಗಡಿಯ ಹಿಂದೆ ಅಂಥದೊಂದು ಸ್ಕೂಟರು ಕೋಳಿಗಳಿಗೆ ಮನೆಯಾಗಿತ್ತು. ಅದರ ಮೋಟರಿಗೂ ಬ್ಯಾಟರಿಗೂ ಮಾತ್ರ ಜೀವವಿತ್ತು. ವರ್ಗವಾಗಿ ಹೋದ ಬ್ಯಾಂಕಿನ ಸಾಹೇಬರ ಮಗ ಬಿಟ್ಟುಹೋದ ಗೇರ್ ಸೈಕಲ್ಲೂ ಅಲ್ಲೇ ಇತ್ತು. ಗುಡ್ಡ ಹತ್ತಲೆಂದು ಮಾಡಿದ ದಪ್ಪ ಟೈರಿನ ಸೈಕಲ್ಲದು. ಇಪ್ಪತ್ತೊಂದು ಗೇರುಗಳಲ್ಲಿ ಇಪ್ಪತ್ತು ಸತ್ತಿದ್ದವು. ಎರಡನ್ನೂ ಕೂಡಿಸಿದರೆ ಏನಾಗುತ್ತದೆ ಎಂದು ಶಿವಪುತ್ರ ಕೇಳಿದ. ಶಾಬುದ್ದೀನ ಕೋಳಿಗಳನ್ನು ಓಡಿಸಿ ಕೆಲಸಕ್ಕೆ ಕೂತ.

ಕೆಲಸ ನಡೆದದ್ದು ಶಿವಪುತ್ರನ ಮನೆಯ ಕಟ್ಟೆಯ ಮೇಲೆ. ಆದ್ದರಿಂದ ಓಣಿಯೆಲ್ಲ ಅದಕ್ಕೆ ಕೈ ಹಾಕಿತು. ಮೋಟರಿಗೆ ಜಾಗ ಸಾಲಲಿಲ್ಲವೆಂದು ಶಾಬುದ್ದೀನ ಹಿಂದಿನ ಬ್ರೇಕು ತೆಗೆದ. ಸ್ವಿಚ್ಚು ಒತ್ತಿದರೆ ಸೈಕಲ್ಲು ತಾನೇ ನಿಲ್ಲುತ್ತದೆಂದು ಸಮಾಧಾನ ಹೇಳಿದ. ಎದುರು ಮನೆಯ ಪಂಢರೀನಾಥ ಮಾಸ್ತರರು ನಿವೃತ್ತರಾದ ಮೇಲೆ ಪಾಠ ಕೇಳುವವರಿಲ್ಲದೆ ಒಣಗಿದ್ದರು. ಅವರು ವಿದ್ಯುತ್ತಿನ ಹರಿವನ್ನು ನೀರಿನ ಹರಿವಿಗೆ ಹೋಲಿಸಿ ಮುಕ್ಕಾಲು ತಾಸು ಮಾತಾಡಿದರು. ಬ್ಯಾಟರಿ ಕಳುವಾದೀತೆಂದು ಎಚ್ಚರಿಸಿ, ತಮ್ಮ ಮನೆಯ ಹಳೆಯ ಕಟ್ಟಿಗೆಯ ಪೆಟ್ಟಿಗೆ ತಂದು ಸೀಟಿನ ಹಿಂದೆ ಬಿಗಿಸಿದರು. ಅದಕ್ಕೊಂದು ಹಿತ್ತಾಳೆ ಕೀಲಿಯನ್ನೂ ತಂದರು.

ಸಂಜೆ ತಂತಿಗಳ ನಾಲ್ಕು ತುದಿ ಕೂಡಿಸುವುದು ಉಳಿದಾಗ ಕರೆಂಟು ಹೋಯಿತು. ಬೆಸುಗೆ ಹಾಕುವ ಕಡ್ಡಿ ತಣ್ಣಗಾಯಿತು. ಬ್ಯಾಟರಿಯಿಂದ ಮೋಟರಿಗೆ ಹೋಗುವ ಕೆಂಪು ತಂತಿಯನ್ನು ನಡುವೆ ಕತ್ತರಿಸಿದ್ದರಿಂದ ಎರಡು ಕೆಂಪು ತುದಿ. ಹ್ಯಾಂಡಲ್ಲಿನ ಸ್ವಿಚ್ಚಿನಿಂದ ಇಳಿದು ಬಂದ ಎರಡು ಕರಿ ತುದಿ. ಒಂದೊಂದು ಕೆಂಪಿಗೆ ಒಂದೊಂದು ಕರಿ ಕೂಡಬೇಕು, ಆಗಷ್ಟೇ ಮೋಟರು ಸ್ವಿಚ್ಚಿನ ಮಾತು ಕೇಳುತ್ತದೆ, ನಸುಕಿನಲ್ಲಿ ಬಂದು ಕೂಡಿಸುತ್ತೇನೆ ಎಂದು ಶಾಬುದ್ದೀನ ತಿಳಿಸಿ ಹೇಳಿದ. ಶಿವಪುತ್ರ ತಲೆಯಾಡಿಸಿದ. ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಅವನ ಕೆಳಗೆ ರಸ್ತೆ ಸುತ್ತಿಕೊಳ್ಳುತ್ತಿತ್ತು.

ಇನ್ನು ಮಾದೇವಿಯ ಮಾತು. ಇಳಕಲ್ ಸೀರೆಯ ಒಡಲಿನ ಎಳೆಗಳೇ ಬೇರೆ, ಸೆರಗಿನ ಎಳೆಗಳೇ ಬೇರೆ. ಅವೆರಡನ್ನೂ ಗಂಟು ಹಾಕದೆ, ಒಂದರ ಕುಣಿಕೆಯಲ್ಲಿ ಇನ್ನೊಂದರ ಕುಣಿಕೆ ತೂರಿಸಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಓಣಿಯ ಕೈಮಗ್ಗಗಳಿಗೆಲ್ಲ ಕೊಂಡಿ ಹಾಕುವ ಕೈ ಮಾದೇವಿಯದು. ಇಪ್ಪತ್ತು ವರ್ಷದಲ್ಲಿ ಆಕೆಯ ಒಂದು ಕೊಂಡಿಯೂ ಜಾರಿರಲಿಲ್ಲ. ತೂಗಾಡುವ ತುದಿ ಕಂಡರೆ ಆ ಕೈ ಸುಮ್ಮನೆ ಕೂರುವುದಿಲ್ಲ. ಒಮ್ಮೆ ಮದುವೆಮನೆಯಲ್ಲಿ ಹರಟುತ್ತ ಹರಟುತ್ತ, ಪಕ್ಕ ಕೂತ ಗೆಳತಿ ಅಬೇದಾಳ ಸೆರಗಿನ ಕುಚ್ಚಿಗೂ ತನ್ನ ಸೆರಗಿನ ಕುಚ್ಚಿಗೂ ಕೊಂಡಿ ಹಾಕಿಬಿಟ್ಟಿದ್ದಳು. ಇಬ್ಬರೂ ಜೋಡೆತ್ತಿನಂತೆ ಊಟಕ್ಕೆ ಎದ್ದು ಹೋಗಬೇಕಾಯಿತು.

ಕಟ್ಟೆಯ ಕಸ ಗುಡಿಸಲು ಬಂದ ಮಾದೇವಿಗೆ ನಾಲ್ಕು ತುದಿಗಳು ಕಂಡವು. ನೇಕಾರರ ಮನೆಯಲ್ಲಿ ಯಾರೂ ಬಣ್ಣ ತಪ್ಪಿಸಿ ಕೊಂಡಿ ಹಾಕುವುದಿಲ್ಲ. ಆಕೆ ಕೆಂಪಿಗೆ ಕೆಂಪು, ಕರಿಗೆ ಕರಿ ಕೂಡಿಸಿ, ಹಲ್ಲಿನಿಂದ ಕಚ್ಚಿ ಬಿಗಿ ಮಾಡಿ, ಒಳಗೆ ಹೋಗಿ ರೊಟ್ಟಿ ತಟ್ಟಿದಳು.

ನಸುಕಿನಲ್ಲಿ ಶಾಬುದ್ದೀನ ಬರಲಿಲ್ಲ. ಬೇವೂರಿನ ಅತ್ತೆ ಹುಸೇನಬಿಗೆ ಎದೆನೋವೆಂದು ಸುದ್ದಿ ಬಂದು ಅತ್ತ ಹೋಗಿದ್ದ. ಇವತ್ತೂ ತಡವಾದರೆ ಏಳನೇ ಮಗ್ಗ ಹೋಯಿತು. ಶಿವಪುತ್ರ ಸೈಕಲ್ಲಿನ ಮುಂದೆ ತಲೆ ಹಿಡಿದು ಕೂತ. ಆಗ ಮಾಸ್ತರರು ಕನ್ನಡಕ ಏರಿಸಿ ತಂತಿಗಳನ್ನು ನೋಡಿದರು.

"ಎಲ್ಲಾ ಕೂಡ್ಯಾವಲ್ಲೋ ಶಿವಪುತ್ರ. ಒಂದು ತುದೀನೂ ಉಳದಿಲ್ಲ. ಇನ್ನೇನ ನೋಡ್ತೀ?"

"ಯಾರ ಕೂಡಿಸಿದ್ರಿ?"

"ನಾನ," ಎಂದಳು ಮಾದೇವಿ, ಬುತ್ತಿ ತರುತ್ತ. "ಹಂಗ ಜೋತಾಡಾಕ ಬಿಡ್ತಾರೇನು?"

ಮಾಸ್ತರರು ಬ್ಯಾಟರಿಗೆ ತಂತಿಯ ಕೊಕ್ಕೆ ಸಿಕ್ಕಿಸಿದರು. ಹಿಂದಿನ ಗಾಲಿ ಗಿರ್ರನೆ ತಿರುಗಿತು. ಓಣಿ ಚಪ್ಪಾಳೆ ತಟ್ಟಿತು. ಸ್ವಿಚ್ಚು ಮುಟ್ಟದೆ ಗಾಲಿ ತಾನಾಗಿಯೇ ಯಾಕೆ ತಿರುಗಿತೆಂದು ಯಾರೂ ಕೇಳಲಿಲ್ಲ. ತಿರುಗಬೇಕಾದದ್ದು ತಿರುಗಿದಾಗ ಪ್ರಶ್ನೆ ಕೇಳುವ ರೂಢಿ ನಮ್ಮಲ್ಲಿಲ್ಲ. ಮಾಸ್ತರರು ಪೆಟ್ಟಿಗೆಗೆ ಕೀಲಿ ಹಾಕಿ, ಕೀಲಿಕೈಯನ್ನು ಜೋಪಾನವಾಗಿ ತಮ್ಮ ಬನಿಯನ್ನಿನ ಕಿಸೆಗೆ ಇಳಿಸಿದರು. ನಾಲ್ಕು ಜನ ಸೈಕಲ್ಲನ್ನು ಸ್ಟ್ಯಾಂಡಿನಿಂದ ಇಳಿಸಿ ತಳ್ಳಿದರು. ಏಳೂ ಹದಿನೈದಕ್ಕೆ ಶಿವಪುತ್ರ ಹೊರಟ.

ಊರು ದಾಟಿದ ಮೇಲೆ ಮಂಜು. ಎರಡೂ ಬದಿಗೆ ಕರಿಮಣ್ಣಿನಲ್ಲಿ ಬಿಳಿಜೋಳ, ನಡುನಡುವೆ ಕುಸುಬಿ. ಶಿವಪುತ್ರ ತುಳಿಯಲಿಲ್ಲ. ಕಾಲುಗಳು ಯಾರದೋ ಮನೆಯ ಹೆಣ್ಣುಮಕ್ಕಳಂತೆ ಸುಮ್ಮನೆ ಜೊತೆಗೆ ಬರುತ್ತಿದ್ದವು. ಸದ್ದೇ ಇಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಕಿವಿಯೊಳಗಿನ ಮಗ್ಗ ನಿಂತಿತ್ತು. ಅಲ್ಲಿ ಈಗ ಒಂದು ಕೌಜುಗ ಕೂಗುತ್ತಿತ್ತು. ಟೆಂಪೊ ಇಲ್ಲದೆ ರಸ್ತೆಯ ದಂಡೆ ಹಿಡಿದು ನಡೆಯುತ್ತಿದ್ದ ಇಬ್ಬರು ನೇಕಾರರು ಅವನನ್ನು ನೋಡಿ ಬಾಯಿ ತೆರೆದು ನಿಂತರು. ಅವನು ಸಾಹುಕಾರನಂತೆ ಕೈಯೆತ್ತಿದ. ಎತ್ತಿದ ಕೂಡಲೇ ನಾಚಿಕೆಯಾಗಿ ಇಳಿಸಿದ.

ಏಳೂ ಐವತ್ತೆರಡಕ್ಕೆ ಶೆಡ್ಡು ಕಂಡಿತು. ಗೇಟು ತೆರೆದಿತ್ತು. ಕಾವಲುಗಾರ ಮುತ್ತಪ್ಪ ಸ್ಟೂಲಿನ ಮೇಲೆ ಕೂತಿದ್ದ. ಶಿವಪುತ್ರ ಸ್ವಿಚ್ಚು ಒತ್ತಿದ. ಸೈಕಲ್ಲು ನಿಲ್ಲಲಿಲ್ಲ. ಮತ್ತೆ ಒತ್ತಿದ. ಮುಂದಿನ ಬ್ರೇಕು ಹಿಡಿದ. ಅದರ ರಬ್ಬರು ಕಿತ್ತು ಮುತ್ತಪ್ಪನ ಚಹಾದಲ್ಲಿ ಬಿತ್ತು.

"ಮುತ್ತಪ್ಪಣ್ಣಾ, ನಾ ಬಂದೇನಿ, ಬರಕೋ," ಎನ್ನುತ್ತ ಶಿವಪುತ್ರ ಗೇಟು ದಾಟಿ ಹೊರಟುಹೋದ.

ಪೆಟ್ಟಿಗೆಗೆ ಕೈ ಹಾಕಿದರೆ ಕೀಲಿ. ಕೀಲಿಕೈ ಮಾಸ್ತರರ ಎದೆಯ ಮೇಲೆ, ಇಳಕಲ್ಲಿನಲ್ಲಿ. ಕಾಲೂರಿದರೆ ಚಪ್ಪಲಿ ಹಿಂದೆ ಉಳಿಯಿತು. ಹಾರಿಬಿಡೋಣವೆಂದರೆ ಸೈಕಲ್ಲು ತಾನೊಂದೇ ಹೋಗಿಬಿಡುತ್ತದೆ, ಅದನ್ನು ಹಿಡಿಯುವವರು ಯಾರು? ಹುನಗುಂದದ ಪೇಟೆಯಲ್ಲಿ ಅವನು ಬಸ್ ನಿಲ್ದಾಣವನ್ನು ದಾಟಿದ, ಕೋರ್ಟನ್ನು ದಾಟಿದ. ಕರಿ ಕೋಟಿನ ವಕೀಲರೊಬ್ಬರು ಓಡಿಹೋಗುತ್ತಿರುವ ಆರೋಪಿಯೆಂದು ತಿಳಿದು, ಓಡುತ್ತಲೇ ತಮ್ಮ ಹೆಸರು ಹೇಳಿದರು. ಕೂಡಲಸಂಗಮದ ದಿಕ್ಕಿನ ರಸ್ತೆಯಲ್ಲಿ ಊರು ಮುಗಿಯಿತು.

ಅಲ್ಲಿ ಎಲ್ಲಿಂದಲೋ ಎಂಟು ಗಂಟೆಗೆ ಕೂಗುವ ಭೋಂಗಾ ಕೇಳಿಸಿತು. ಗೇಟು ಮುಚ್ಚಿತು, ಅವನು ಹೊರಗಿದ್ದ.

ಅಳಬೇಕೆಂದುಕೊಂಡ. ಆದರೆ ಕಣ್ಣು ಬೇರೆ ಕಡೆಗೆ ಹೋಯಿತು. ಮಂಜು ಹರಿದು, ಜೋಳದ ಗರಿಗಳ ಮೇಲೆ ಜರಿಯ ಎಳೆಯಂಥ ಬೆಳಕು ಇಳಿಯುತ್ತಿತ್ತು. ಎಮ್ಮೆಯ ಬೆನ್ನ ಮೇಲೆ ಒಂದು ಬೆಳ್ಳಕ್ಕಿ ಅವನ ಹಾಗೆಯೇ ತುಳಿಯದೆ ಹೊರಟಿತ್ತು. ಎಂಟು ಗಂಟೆಗೂ ಒಂದು ಬಣ್ಣವಿದೆಯೆಂದು ಶಿವಪುತ್ರನಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದ ಎಂಟು ಗಂಟೆಗಳನ್ನೆಲ್ಲ ಶೆಡ್ಡಿನ ತಗಡಿನ ಕೆಳಗೆ ಇಟ್ಟುಕೊಂಡವರು ಯಾರು, ತೆಗೆದುಕೊಳ್ಳುವಾಗ ತನ್ನನ್ನು ಕೇಳಿದ್ದರೇ? ಅವನು ಸ್ವಿಚ್ಚು ಒತ್ತುವುದನ್ನು ಬಿಟ್ಟ. ಬಿಸಿಲು ಬೆನ್ನಿಗೆ ಕೈಯಿಟ್ಟು ತಳ್ಳುತ್ತಿತ್ತು. ಹೀಗೇ ಹೋದರೆ ಹೊಳೆ ಬರುತ್ತದೆ, ಹೊಳೆಗೆ ಹೊಳೆ ಕೂಡುವ ಜಾಗ ಬರುತ್ತದೆ. ಅಲ್ಲಿಗೆ ಗೇಟಿಲ್ಲ.

ಬ್ಯಾಟರಿ ಅಷ್ಟು ದೂರದ ಕನಸು ಕಂಡಿರಲಿಲ್ಲ. ಐದಾರು ಕಿಲೋಮೀಟರಿನ ಮೇಲೆ, ಒಂದು ಕಡಲೆ ಹೊಲದ ಬೇವಿನ ಮರದ ಕೆಳಗೆ ನಿಟ್ಟುಸಿರಿಟ್ಟು ಸುಮ್ಮನಾಯಿತು. ಕಳೆ ಕೀಳುತ್ತಿದ್ದ ಮುದುಕಿಯೊಬ್ಬಳು ಅವನ ಬರಿಗಾಲು ನೋಡಿ, ಏನೂ ಕೇಳದೆ, ಒಂದು ಹಿಡಿ ಹಸಿಗಡಲೆ ಗಿಡ ಕೊಟ್ಟಳು.

ಸೈಕಲ್ಲು ತಳ್ಳಿಕೊಂಡು ಅವನು ಶೆಡ್ಡಿಗೆ ಮರಳುವಾಗ ಹತ್ತು ದಾಟಿತ್ತು. ಏಳನೇ ಮಗ್ಗದ ಮುಂದೆ ಬೇರೆ ಯಾರೋ ನಿಂತಿದ್ದರು. ಮಾಲೀಕ ಮುತ್ತಪ್ಪನನ್ನು ಕರೆದ.

"ಇಂವ ಎಂಟರೊಳಗ ಬಂದಿದ್ದನೋ ಇಲ್ಲೋ?"

"ಬಂದಿದ್ದು ಖರೆ ಐತ್ರಿ," ಎಂದ ಮುತ್ತಪ್ಪ. "ನಿಂತಿದ್ದು ಮಾತ್ರ ನಾ ನೋಡಿಲ್ರಿ."

ಒಳಗಿದ್ದವರು ಲಾಳಿ ನಿಲ್ಲಿಸಿ ನಕ್ಕರು. ಮಾಲೀಕ ನಗಲಿಲ್ಲ. ಅವನ ಕಣ್ಣು ಸೈಕಲ್ಲಿನ ತಂತಿಗಳ ಮೇಲಿತ್ತು. ಬಗ್ಗಿ ಕೆಂಪು ಕೊಂಡಿಯನ್ನು ಹಿಡಿದು ಎಳೆದ. ಜಾರಲಿಲ್ಲ. ಮೇಸ್ತ್ರಿಯನ್ನು ಕರೆದು ಎಳೆಸಿದ. ಆಗಲೂ ಜಾರಲಿಲ್ಲ. ಶೆಡ್ಡಿನ ಸೀರೆಗಳ ಸೆರಗು ಒಂದು ಜಗ್ಗಿಗೆ ಒಡಲು ಬಿಟ್ಟು ಬರುತ್ತಿತ್ತು. ಊರೂರಿನ ವ್ಯಾಪಾರಿಗಳು ಈಚೆಗೆ ಜಗ್ಗಿ ನೋಡುವುದನ್ನು ಕಲಿತಿದ್ದರು.

"ಇದನ್ನ ಯಾರ ಹಾಕಿದ್ರು?"

"ನಮ್ಮ ಮನಿಯಾಕಿರಿ." ಶಿವಪುತ್ರನ ಎದೆಯಲ್ಲಿ ಆಸೆಯ ಗಾಲಿ ಒಮ್ಮೆ ತಿರುಗಿತು.

"ಹಂಗಾರ ನಾಳಿಂದ ಆಕೀನ್ನ ಕಳಸು. ಎಂಟರೊಳಗ. ನೀ ಮನ್ಯಾಗಿರು."

ಮಧ್ಯಾಹ್ನದ ಲಾರಿಯೊಂದು ಸೈಕಲ್ಲನ್ನೂ ಅವನನ್ನೂ ಇಳಕಲ್ಲಿಗೆ ತಂದು ಇಳಿಸಿತು. ಕಟ್ಟೆಯ ಮೇಲೆ ಓಣಿ ಕೂಡಿತ್ತು. ಸುದ್ದಿ ಕೇಳಿ ಮಾಸ್ತರರು, ಒಬ್ಬರದು ಹೋಗಿ ಒಬ್ಬರದು ಬಂದರೆ ಮನೆಯ ಲೆಕ್ಕ ಸರಿಯಾಯಿತೆಂದರು. ಬೇವೂರಿನಿಂದ ಮರಳಿದ್ದ ಶಾಬುದ್ದೀನ ತಂತಿ ನೋಡಿ ಹಣೆ ಚಚ್ಚಿಕೊಂಡ. ಆ ಕೊಂಡಿಗಳನ್ನು ಬಿಚ್ಚಿಕೊಟ್ಟರೆ ಅರ್ಧ ತಾಸಿನಲ್ಲಿ ಸ್ವಿಚ್ಚು ಕೂಡಿಸುತ್ತೇನೆ, ಬೆಳಗಿನ ತನಕ ಬ್ಯಾಟರಿ ತುಂಬುತ್ತದೆ, ನಾಳೆ ಗಂಡನೇ ಹೆಂಡತಿಯನ್ನು ಕೂರಿಸಿಕೊಂಡು ಹೋಗಿ ಬಿಡಬಹುದೆಂದ. ಎಲ್ಲರೂ ಮಾದೇವಿಯ ಕಡೆ ನೋಡಿದರು.

ಆಕೆ ಗಂಡನ ಬರಿಗಾಲು ನೋಡುತ್ತಿದ್ದಳು.

"ಮಾದೇವಿ, ನಾಳೆ ಹೋಗಬೇಕಾಗತೈತಿ," ಎಂದ ಶಿವಪುತ್ರ, ನೆಲ ನೋಡುತ್ತ.

"ಟೆಂಪೊ ಕಳಸಂತ ಹೇಳ್ರಿ ಅವಗ. ಮೊದಲ ಹದಿನಾರೂ ಮಂದಿ ಹತ್ತಲಿ, ಅದರಾಗ ನೀವೂ ಹತ್ರಿ. ಹದಿನೇಳನೇದಾಕಿ ನಾ ಹತ್ತತೇನಿ. ಅಲ್ಲೀತನಾ ಬರಂಗಿಲ್ಲ."

ಓಣಿ ಸುಮ್ಮನಾಯಿತು. ಸದ್ದು ನಿಂತದ್ದಕ್ಕೆ ಶಿವಪುತ್ರ ಬೆಚ್ಚಿ ತಲೆಯೆತ್ತಿದ. ಮೆಲ್ಲಗೆ ತಂತಿಗಳ ಕಡೆ ಕೈ ತೋರಿಸಿದ.

"ಹೋಗಲಿ, ಆ ಕೊಂಡಿನಾದ್ರೂ ಬಿಚ್ಚು."

"ಬಿಚ್ಚಂಗಿಲ್ಲ," ಎಂದಳು ಮಾದೇವಿ.