ಕಂಪ್ಯೂಟರಿನ ಧೂಳಿನ ಬಗ್ಗೆ ಕೈಗೊಂಡ ಕ್ರಮ

೧೯೮೭ರಲ್ಲಿ ಕಾಪುವಿನ ಹಂಚು ಮಾರಾಟಗಾರರ ಸಹಕಾರಿ ಸಂಘಕ್ಕೆ ಒಂದು ಕಂಪ್ಯೂಟರ್ ಬಂತು. ಅದರ ಹಿಂದೆಯೇ ಧೂಳೂ ಬಂತು. ಕಂಪ್ಯೂಟರಿಗೆ ಆಡಳಿತ ಮಂಡಳಿಯ ಮಂಜೂರಾತಿ ಇತ್ತು. ಧೂಳಿಗೆ ಇರಲಿಲ್ಲ.

ಯಂತ್ರವನ್ನು ಹಂಚಿನ ಗೋದಾಮಿನ ಪಕ್ಕದ ಕೋಣೆಯಲ್ಲಿ ಇರಿಸಲಾಯಿತು. ಅದಕ್ಕೆಂದೇ ತರಿಸಿದ ಏರ್ ಕಂಡೀಷನರನ್ನು ಕಾರ್ಯದರ್ಶಿ ಚೆನ್ನಪ್ಪನವರ ಕೋಣೆಗೆ ಅಳವಡಿಸಲಾಯಿತು. ಕಂಪ್ಯೂಟರಿನ ಬಗ್ಗೆ ತಣ್ಣಗೆ ಕುಳಿತು ಯೋಚಿಸಬೇಕಾದವರು ಅವರೇ ಆದ್ದರಿಂದ ಯಾರೂ ಆಕ್ಷೇಪ ಎತ್ತಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಯಂತ್ರ ಬಿಸಿಯೇರಿ ತಾನಾಗಿ ನಿಲ್ಲತೊಡಗಿತು. ತಾತ್ಕಾಲಿಕ ಆಪರೇಟರ್ ತೆರೆಸಾ ಗಾಬರಿಯಾದರು. ಯಂತ್ರ ಸುಸ್ಥಿತಿಯಲ್ಲಿದೆ ಎಂದು ಉಡುಪಿಯ ಸಹಕಾರಿ ಇಲಾಖೆಯ ಇನ್‌ಸ್ಪೆಕ್ಟರು ಬರೆದುಕೊಟ್ಟರೆ ಅವರ ನೌಕರಿ ಖಾಯಂ, ಇಲ್ಲವಾದರೆ ಮನೆ.

“ಸರ್, ಒಳಗೆಲ್ಲ ಹಂಚಿನ ಹುಡಿ ತುಂಬಿದೆ, ಫ್ಯಾನ್ ತಿರುಗುವುದಿಲ್ಲ. ಒಂದು ಪೈಂಟ್ ಬ್ರಶ್ ಕೊಡಿ. ಅರ್ಧ ಗಂಟೆಯ ಕೆಲಸ.”

“ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಉಪಸಮಿತಿ ಮಾಡುವುದು ಹೇಗೆ ಮಾರಾಯ್ತಿ?” ಎಂದರು ಚೆನ್ನಪ್ಪನವರು.

ಆದರೂ ಮಾಡಿದರು. ಧೂಳು ಅಧ್ಯಯನ ಉಪಸಮಿತಿಯು ಮಣಿಪಾಲಕ್ಕೆ ಹೋಗಿ, ಅಲ್ಲಿಯ ಒಂದು ಕಂಪ್ಯೂಟರಿನಲ್ಲಿ ಧೂಳಿಲ್ಲವೆಂದೂ ಊಟ ಚೆನ್ನಾಗಿತ್ತೆಂದೂ ವರದಿ ಮಾಡಿತು. ಹೋಲಿಕೆಗಾಗಿ ಕಾರ್ಕಳಕ್ಕೂ ಹೋಯಿತು. ಅಲ್ಲಿ ಕಂಪ್ಯೂಟರೇ ಸಿಗದ ಕಾರಣ ಎರಡು ದಿನ ತಂಗಿ ಹುಡುಕಬೇಕಾಯಿತು.

ಅಷ್ಟರಲ್ಲಿ ತೆರೆಸಾ ಮನೆಯಿಂದ ಬ್ರಶ್ ತಂದು ಧೂಳು ತೆಗೆದುಬಿಟ್ಟರು. ಯಂತ್ರ ಬೆಳಗಿನಿಂದ ಸಂಜೆಯವರೆಗೆ ನಿಲ್ಲದೆ ನಡೆಯಿತು. ಮರುದಿನ ಪ್ರಕಟಣೆ ಹೊರಬಿತ್ತು:

“ಅಧ್ಯಯನ ಮುಗಿಯುವ ಮೊದಲೇ ಅಧ್ಯಯನದ ವಸ್ತುವನ್ನು ತೆಗೆದಿರುವುದು ಶಿಸ್ತಿನ ಉಲ್ಲಂಘನೆ. ಸಂಬಂಧಪಟ್ಟ ನೌಕರರು ಸದರಿ ಧೂಳನ್ನು ಇಂದು ಸಂಜೆಯೊಳಗೆ ಯಥಾಸ್ಥಾನದಲ್ಲಿ ಇರಿಸತಕ್ಕದ್ದು.”

“ಅದನ್ನು ಎಸೆದಾಯಿತಲ್ಲ ಸರ್!”

“ಗೋದಾಮಿನಲ್ಲಿ ಬೇಕಾದಷ್ಟು ಉಂಟಲ್ವಾ? ಸೋಸಿ ಹಾಕಿ. ಕಲ್ಲು ಹೋಗಬಾರದು, ನಾಜೂಕಿನ ಯಂತ್ರ.”

“ಇನ್‌ಸ್ಪೆಕ್ಟರು ಬಂದಾಗ ನಿಂತುಹೋದರೆ ನನ್ನ ಗತಿ ಎಂತ?”

“ನಡೆಸಿದರೆ ತಾನೇ ನಿಲ್ಲುವುದು ತೆರೆಸಾ ಬಾಯಿ?”

ತೆರೆಸಾ ಹೋಗಿ ಯಂತ್ರದ ಸ್ವಿಚ್ಚು ಆರಿಸಿದರು. ಆಮೇಲೆ ಜರಡಿ ಹುಡುಕಲು ಹೋದರು.

ಇನ್‌ಸ್ಪೆಕ್ಟರು ಬಂದರು. ಯಂತ್ರದ ಮೇಲೆ ಅಂಗೈ ಇಟ್ಟು, ಜ್ವರದ ಮಗುವನ್ನು ನೋಡುವ ವೈದ್ಯರಂತೆ ಕಣ್ಣು ಮುಚ್ಚಿದರು.

“ತಣ್ಣಗೆ ಉಂಟು. ಬಿಸಿಯಾಗುವ ದೂರು ಇತ್ತಲ್ಲ?”

“ಚಾಲೂ ಮಾಡುವುದನ್ನು ಬಿಟ್ಟ ಮೇಲೆ ಒಮ್ಮೆಯೂ ಆಗಿಲ್ಲ ಸರ್,” ಎಂದರು ತೆರೆಸಾ.

“ಇಷ್ಟು ಜೋಪಾನ ಮಾಡುವವರು ಬೇಕು,” ಎಂದು ಇನ್‌ಸ್ಪೆಕ್ಟರು ಸುಸ್ಥಿತಿ ಪತ್ರಕ್ಕೆ ಸಹಿ ಹಾಕಿದರು. ಗೋಳಿಬಜೆಯ ಎರಡನೇ ತಟ್ಟೆ ಬಂದಾಗ ಸಂಘಕ್ಕೆ ಇನ್ನೊಂದು ಕಂಪ್ಯೂಟರ್ ಕೊಡಿಸುವ ಶಿಫಾರಸನ್ನೂ ಬರೆದರು.

ತೆರೆಸಾರ ನೌಕರಿ ಖಾಯಂ ಆಯಿತು. ಈಗ ಅವರು ಸ್ವಿಚ್ಚಿನ ಎದುರೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಬಿಲ್ಲು ಬೇಕೆಂದು ಬಂದವರು ಯಂತ್ರದ ಕಡೆ ನೋಡಿದರೆ ಮೆಲ್ಲಗೆ ಹೇಳುತ್ತಾರೆ:

“ಅದಕ್ಕೆ ಕೈ ಹಾಕಬೇಡಿ ಮಾರಾಯ್ರೆ. ಕೈಯಲ್ಲೇ ಬರೆದುಕೊಡುತ್ತೇನೆ.”