ಮೇಜರ್ ಕೊರಳಿನ ಪದಕ

ಅರ್ಜಿ ಬರೆಯುವುದು ಒಂದು ಕಲೆ. ಆ ಕಲೆಯಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಕಳೆದ ದೀಪಾವಳಿ ಪಾಡ್ಯದ ಬೆಳಿಗ್ಗೆ ಹತ್ತೂವರೆಯವರೆಗೆ ನಂಬಿದ್ದೆ. ಹತ್ತೂ ನಲವತ್ತಕ್ಕೆ ಆ ನಂಬಿಕೆ, ನನ್ನ ಕನ್ನಡಕ ಮತ್ತು ಹೊಸ ಶಾಲು ಮೂರೂ ಒಟ್ಟಿಗೆ ಹೋದವು.

ಕಾಲೇಜೊಂದರ ಕಚೇರಿಯಲ್ಲಿ ಆಯುಷ್ಯವೆಲ್ಲ ಗುಮಾಸ್ತಿಕೆ ಮಾಡಿದವನು ನಾನು. ಬಿ.ಎ. ಪದವೀಧರ. ಹುಟ್ಟಿದ ದಾಖಲೆಯಿಂದ ಸತ್ತ ದಾಖಲೆಯವರೆಗೆ ನಮ್ಮೂರು ಮನ್ಮನೆಯ ಜನರ ಸಕಲ ಕಾಗದಪತ್ರಗಳೂ ನನ್ನ ಕೈ ದಾಟಿಯೇ ಮುಂದೆ ಹೋಗುವುದು. ಹಾಗಾಗಿ ಪಕ್ಕದ ಕೇರಿಯ ನಿವೃತ್ತ ಹವಾಲ್ದಾರ್ ಕನ್ನಪ್ಪ ನಾಯ್ಕರು ಡಿಸ್ಚಾರ್ಜ್ ಬುಕ್ ಹಿಡಿದು ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಗಿ ಬಂದರಲ್ಲ ಎಂದು ಬೇಸರವೇ ಆಯಿತು.

ಸೈನ್ಯದಿಂದ ಬಿಡುಗಡೆಯಾದವರಿಗೆ ಕೊಡುವ ಆ ಪುಸ್ತಕದಲ್ಲಿ ಕನ್ನಪ್ಪಣ್ಣನ ಸೇವೆಯೆಲ್ಲ ಬರೆದಿತ್ತು. ಪಠಾಣ್‌ಕೋಟ್ ಇತ್ತು, ಜೋಧಪುರ ಇತ್ತು. ಶಾಂತಿಪಡೆಯ ಜೊತೆ ಅವರು ಹೋಗಿದ್ದ ಶ್ರೀಲಂಕಾ ಮಾತ್ರ ಇರಲಿಲ್ಲ. ವಿದೇಶ ಸೇವೆ: ಇಲ್ಲ. ಪದಕ: ಇಲ್ಲ.

"ಚಾ ಅಂಗಡೀಲಿ ಕೇಳ್ತಾರೆ ಹೆಗಡೇರೇ, ಕನ್ನಪ್ಪಣ್ಣ ಲಂಕೆಗೆ ಹೋಗಿದ್ದು ಹನುಮಂತನ ಸಂಗಡ್ವಾ ಅಂತ" ಎಂದು ಅವರೇ ನಕ್ಕರು. ನಾನೂ ನಕ್ಕೆ. ಅವರು ನಗು ನಿಲ್ಲಿಸಿದರು. "ನಗೂದು ನಗ್ಲಿ. ಆದ್ರೆ ಅಲ್ಲಿ ನನ್ನ ಪಕ್ಕದಲ್ಲೇ ಒಬ್ಬ ಗುಂಡು ತಾಗಿ ಬಿದ್ದ. ಹಾವೇರಿ ಕಡೆಯವ. ನಾ ಅಲ್ಲಿಗೆ ಹೋಗ್ಲೇ ಇಲ್ಲ ಅಂತ ಇದ್ರಲ್ಲಿ ಬರದ್ರೆ, ಅವ ಯಾರ ಪಕ್ಕದಲ್ಲಿ ಬಿದ್ದ?"

ನನ್ನ ಬಳಿ ಪೆನ್ನು ಇತ್ತು!

ಸೈನ್ಯದ ದಾಖಲೆ ಕಚೇರಿಗೆ ನಾಲ್ಕು ಪುಟ ಬರೆದೆ. ಅದರಲ್ಲಿ ದೇಶಪ್ರೇಮವಿತ್ತು, ನ್ಯಾಯದ ಕೂಗಿತ್ತು, ಮೂರು ಕಡೆ ಇಂಗ್ಲಿಷ್ ನಿಘಂಟಿನಲ್ಲಿ ಹುಡುಕಿ ಹಾಕಿದ ಪದಗಳಿದ್ದವು. ಉತ್ತರ ನಾಲ್ಕು ಸಾಲಿನದು. ಪದಕ ಕೊಟ್ಟಿದ್ದು ನಿಜವಾದರೆ ಅದರ ಅಂಚಿನಲ್ಲಿ ಸೈನಿಕನ ನಂಬರು, ಹೆಸರು ಕೆತ್ತಿರುತ್ತದೆ. ಅದರ ಸ್ಪಷ್ಟ ಫೋಟೋವನ್ನು ಮೂವತ್ತು ದಿನಗಳೊಳಗೆ ಕಳಿಸಿ.

ಕಾಗದ ಬಂದದ್ದು ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ. ಹಿಡಿದುಕೊಂಡು ಓಡಿದೆ.

"ಪದಕ ಎಲ್ಲಿ ಕನ್ನಪ್ಪಣ್ಣ?"

ಅವರು ಮಾಡಿನ ಹಂಚು ಎಣಿಸತೊಡಗಿದರು. ಒಳಗಿಂದ ಅವರ ಹೆಂಡತಿ ದೇವಕ್ಕ ಹೇಳಿದರು: "ಎಲ್ಲಿ ಅಂದ್ರೆ? ಮೇಜರ್ ಕೊರಳಲ್ಲಿ ಐತಲ್ಲ!"

ಮೇಜರ್ ಎಂದರೆ ಸೇನಾಧಿಕಾರಿಯಲ್ಲ. ಅವರ ಮನೆಯ ಹೋರಿ. ಹಿಂದೊಮ್ಮೆ ಇದೇ ತಿದ್ದುಪಡಿಗೆ ಕಳಿಸಿದ ಅರ್ಜಿ ಹಾಗೇ ವಾಪಸು ಬಂದಾಗ ಸಿಟ್ಟಿನಲ್ಲಿ, "ಸರ್ಕಾರಕ್ಕೆ ಬೇಡದ್ದು ಬಸವನಿಗಾದ್ರೂ ಆಗ್ಲಿ" ಎಂದು ಕನ್ನಪ್ಪಣ್ಣ ಪದಕವನ್ನು ಹೋರಿಯ ಕೊರಳಿನ ಗಂಟೆಪಟ್ಟಿಗೆ ಹೊಲಿದುಬಿಟ್ಟಿದ್ದರು. ಅಂದಿನಿಂದ ಅವರೊಬ್ಬರನ್ನು ಬಿಟ್ಟು ಬೇರೆಯವರು ಆ ಪಟ್ಟಿ ಮುಟ್ಟಿದರೆ ಮೇಜರ್ ಸಹಿಸುತ್ತಿರಲಿಲ್ಲ.

"ಹಬ್ಬ ಸುರುವಾದ ಮೇಲೆ ಕೊರಳಿಂದು ಬಿಚ್ಚೂಕಾಗೂದಿಲ್ಲ. ಪಾಡ್ಯದ ದಿನ ಬೆಚ್ಚಿ ಮನೆಗೆ ಬರ್ಲಿ, ಅವತ್ತೇ ಸಂಜೆಗೆ ಬಿಚ್ಚಿ ಕೊಡ್ತೆ" ಎಂದರು ಕನ್ನಪ್ಪಣ್ಣ.

ಬೆಚ್ಚುವುದೆಂದರೆ ಸಿಂಗರಿಸಿದ ಹೋರಿಯನ್ನು ಪಟಾಕಿ, ಜಾಗಟೆಗಳಿಂದ ಬೆದರಿಸಿ ಓಡಿಸುವುದು. ಓಡುವ ಹೋರಿಯ ಕೊರಳ ಸರ ಕಿತ್ತವನೇ ಗಂಡು. ಯಾವನಾದರೂ ಗಂಡು ಸರದ ಜೊತೆ ಪದಕವನ್ನೂ ಕಿತ್ತರೆ? ಅದು ಗದ್ದೆಯ ಕೆಸರಲ್ಲಿ ಬಿದ್ದರೆ? ಓಟಕ್ಕೆ ಮೊದಲೇ ಹೋಗಿ, ಬಿಚ್ಚದೆ, ಅಂಚಿನ ಫೋಟೋ ಮಾತ್ರ ಹೊಡೆದುಕೊಂಡು ಬರುವುದೆಂದು ನಿರ್ಧರಿಸಿದೆ. ಎಂಥ ಬುದ್ಧಿ!

ಪಾಡ್ಯದ ಬೆಳಿಗ್ಗೆ ನನ್ನ ಹೆಂಡತಿ ಸುನಂದಾ ಕಡುಬು ಇಳಿಸುತ್ತಿದ್ದಳು. "ಮೂವತ್ತು ದಿನ ಟೈಮ್ ಇದ್ದು ಹೇಳಿ ನಿಂಗವೇ ಓದಿದ್ರಲ್ದಾ? ಸಂಜೆವರೆಗೆ ತಡ್ಕಂಬಲೆ ಆಗ್ತಿಲ್ಯಾ?"

"ಫೋಟೋ ತೆಗೆಯದು ಅಷ್ಟೇಯ. ಹೋರಿಗೆ ಎಂತ ತ್ರಾಸೂ ಇಲ್ಲೆ."

"ಹೋರಿ ಯೋಚನೆ ನಂಗಿಲ್ಲೆ" ಎಂದಳು ಅವಳು.

ಕನ್ನಪ್ಪಣ್ಣನ ಅಂಗಳದಲ್ಲಿ ಊರೇ ಸೇರಿತ್ತು. ಮೇಜರ್ ಮದುಮಗನಂತೆ ನಿಂತಿತ್ತು: ಕೊರಳಲ್ಲಿ ಚೆಂಡುಹೂವು, ಅಡಿಕೆ, ಕೊಬ್ಬರಿ ಸರ; ಕೋಡಿನ ತುದಿಗೆ ಚೂಪಾದ ಹಿತ್ತಾಳೆಯ ಕಳಸ; ಎಡಗೋಡಿಗೆ ಒಂದು ಕೆಂಪು ಬಲೂನು. ಕನ್ನಪ್ಪಣ್ಣ ಹಳೆಯ ಮಿಲಿಟರಿ ಟೊಪ್ಪಿ ತರಲು ಒಳಗೆ ಹೋಗಿದ್ದರು.

"ಅವ್ರು ಬರ್ಲಿ ಹೆಗಡೇರೇ, ಕೈ ಹಾಕ್ಬೇಡಿ" ಎಂದರು ದೇವಕ್ಕ.

"ಕೈ ಎಲ್ಲಿ ಹಾಕ್ತೆ ದೇವಕ್ಕ, ಬರೀ ನೋಡೂದು" ಎಂದೆ.

ಸ್ನೇಹದ ಗುರುತಾಗಿ ಬಾಳೆಹಣ್ಣು ಕೊಟ್ಟೆ. ಮೇಜರ್ ತಿಂದಿತು. ಹಣ್ಣಿನ ಜೊತೆ ನನ್ನ ಶಾಲಿನ ಚುಂಗನ್ನೂ ತಿಂದಿತು. ಒಪ್ಪಿಗೆ ಎಂದು ತಿಳಿದೆ. ಬಗ್ಗಿ ನೋಡಿದರೆ ಪದಕದ ತುಂಬ ಅರಿಶಿನ, ಕುಂಕುಮ! ಅಂಚು ಕಾಣುತ್ತಲೇ ಇಲ್ಲ. ಒರೆಸದೆ ಉಪಾಯವಿಲ್ಲ. ಎಡಗೈಯನ್ನು ಗಂಟೆಪಟ್ಟಿಯೊಳಗೆ ತೂರಿಸಿ, ಪದಕ ತಿರುಗಿಸಿ, ಬಲಗೈಯಲ್ಲಿ ಮೊಬೈಲ್ ಹಿಡಿದೆ. ಕೊರಳಡಿ ಜೋಲುವ ಗಂಗೆದೊಗಲಿನ ಕೆಳಗೆ ಕತ್ತಲೆ ಎಂದು ಮೊಬೈಲು ತಾನೇ ತೀರ್ಮಾನಿಸಿತು. ಫಳ್ ಎಂದು ಬೆಳಕು ಹೊಡೆಯಿತು. ಅದೇ ಕ್ಷಣಕ್ಕೆ ಬೇಲಿಯಾಚೆ ಯಾರೋ ಪಟಾಕಿ ಸರಕ್ಕೆ ಬೆಂಕಿ ಕೊಟ್ಟರು.

ಮೇಜರ್ ಹೊರಟಿತು.

ನಾನೂ ಹೊರಟೆ. ನನ್ನ ಕೈಗಡಿಯಾರದ ಪಟ್ಟಿ ಅದರ ಗಂಟೆಪಟ್ಟಿಗೆ ಸಿಕ್ಕಿಕೊಂಡಿತ್ತು, ಬೇರೆ ಮಾರ್ಗವಿರಲಿಲ್ಲ!

"ಹೆಗಡೇರು ಹಿಡದ್ರೋ!" ಎಂದು ಯಾರೋ ಕೂಗಿದರು. ಶಿಳ್ಳೆ, ಜಾಗಟೆ. "ಬಿಡ್ಸಿ! ಬಿಡ್ಸಿ!" ಎಂದು ನಾನು ಅರಚಿದೆ. "ಬಿಡಬೇಡಿ ಹೆಗಡೇರೇ, ಹಂಗೇ ಹಿಡ್ಕಳಿ!" ಎಂದು ಜನ ಹುರಿದುಂಬಿಸಿದರು. ಕಚೇರಿ ಭಾಷೆಯಲ್ಲಿ ಹೇಳುವುದಾದರೆ, ಸದರಿ ಹೋರಿಯು ಮೇಲ್ಕಂಡ ನನ್ನನ್ನು ಕೆಳಗಿನ ಗದ್ದೆಗೆ ವರ್ಗಾಯಿಸಿತು.

ಗದ್ದೆಯಂಚಿನ ಹಾಳಿಯ ಮೇಲೆ ಗಡಿಯಾರದ ಪಟ್ಟಿ ಹರಿಯಿತು. ನಾನು ಬಿದ್ದೆ. ಮೇಜರ್ ಹತ್ತು ಮಾರು ಮುಂದೆ ಹೋಗಿ, ತಿರುಗಿ ನಿಂತಿತು.

ಇಲ್ಲಿಂದ ಮುಂದಿನದನ್ನು ನಾನು ದಿನಕ್ಕೆ ನಾಲ್ಕು ಸಲವಾದರೂ ನೋಡುತ್ತೇನೆ. ಊಟಕ್ಕೆ ಕೂತಾಗ, ಕ್ಷೌರ ಮಾಡಿಸಿಕೊಳ್ಳುವಾಗ, ದೇವರ ಮುಂದೆ ಕಣ್ಣು ಮುಚ್ಚಿದಾಗ. ಮೇಜರ್ ತಲೆ ಬಗ್ಗಿಸುತ್ತದೆ. ಆ ಕೆಂಪು ಬಲೂನು ನಿಧಾನವಾಗಿ ಅಲ್ಲಾಡುತ್ತದೆ. ಸದ್ದೆಲ್ಲ ನಿಂತುಹೋಗಿ ಗಂಟೆಯೊಂದೇ ಹತ್ತಿರ ಹತ್ತಿರ ಬರುತ್ತದೆ. ಹಿತ್ತಾಳೆಯ ಕಳಸ ನನ್ನ ಎಡಗೈಗೂ ಪಕ್ಕೆಗೂ ನಡುವೆ ಹಾದು, ಜುಬ್ಬವನ್ನು ಸೀಳಿ, ಮಣ್ಣಿಗೆ ನಾಟುತ್ತದೆ. ಕೋಡಿನ ಬುಡ ಪಕ್ಕೆಗೆ ಬಡಿಯುತ್ತದೆ. ಎರಡು ಬೆರಳು ಈಚೆ ಬಂದಿದ್ದರೆ ಈ ಬರಹವನ್ನು ಬೇರೆಯವರು ಬರೆಯಬೇಕಿತ್ತು. ಶೀರ್ಷಿಕೆಯೂ ಬೇರೆ ಇರುತ್ತಿತ್ತು.

ಮೇಜರ್ ಕೋಡು ಕಿತ್ತುಕೊಂಡು ಹಿಂದೆ ಸರಿಯಿತು. ಮತ್ತೆ ತಲೆ ಬಗ್ಗಿಸಿತು.

"ಮೇಜರ್! ಥಮ್!"

ನಿಲ್ಲು ಎಂಬ ಪರೇಡಿನ ಆಜ್ಞೆ. ಮನ್ಮನೆಯ ಗದ್ದೆಯಲ್ಲಿ ಅಂಥ ದನಿಯನ್ನು ನಾನು ಕೇಳಿರಲಿಲ್ಲ. ಹೋರಿ ಕಲ್ಲಿನಂತೆ ನಿಂತಿತು. ಓಡಿ ಬರುತ್ತಿದ್ದ ಜನ ಓಡುವ ಭಂಗಿಯಲ್ಲೇ ನಿಂತರು. ಅಂಗಾತ ಬಿದ್ದಿದ್ದ ನಾನು ಕೂಡ ಹಿಮ್ಮಡಿ ಜೋಡಿಸಿದೆ!

ಕನ್ನಪ್ಪಣ್ಣ ಬರಿಗಾಲಲ್ಲಿ ಬಂದರು. ಒಂದು ಕೈ ಹೋರಿಯ ಹಣೆಗೆ, ಇನ್ನೊಂದು ನನ್ನ ಎದೆಗೆ ಇಟ್ಟರು. "ಇನ್ನೊಬ್ಬ ನನ್ನ ಕಣ್ಣೆದ್ರು ಬೀಳೂದು ಬ್ಯಾಡಾಗಿತ್ತು ಹೆಗಡೇರೇ" ಎಂದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮಿಬ್ಬರಿಗೂ ಅದು ಕೇಳಲಿಲ್ಲ.

ಶಿರಸಿಯ ಆಸ್ಪತ್ರೆಯಲ್ಲಿ ಪಕ್ಕೆಯ ಎರಡು ಎಲುಬು ಬಿರುಕು ಬಿಟ್ಟಿವೆ ಎಂದರು. ನನ್ನ ಮೊಬೈಲಿನಲ್ಲಿ ಹನ್ನೊಂದು ಫೋಟೋ ಸಿಕ್ಕಿದವು: ಮೇಜರಿನ ಮೂಗಿನ ಹೊಳ್ಳೆ ಮೂರು, ಆಕಾಶ ಐದು, ಬಾಯಿ ತೆರೆದ ನಾನು ಎರಡು, ಏನೆಂದು ತಿಳಿಯದ್ದು ಒಂದು. ಅಂದೇ ಸಂಜೆ ಕನ್ನಪ್ಪಣ್ಣ ಹೋರಿಯ ಕೊರಳಿನ ಪಟ್ಟಿ ಬಿಚ್ಚಿದರಂತೆ. ದೇವಕ್ಕ ಪದಕವನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತಮ್ಮ ಮೊಬೈಲಿನಲ್ಲೇ ಫೋಟೋ ತೆಗೆದರಂತೆ. ನಂಬರು, ಹೆಸರು, ಎಲ್ಲ ಸ್ಪಷ್ಟ.

ಅರ್ಧ ನಿಮಿಷದ ಕೆಲಸ!

ಕೆಲವು ತಿಂಗಳ ಮೇಲೆ ಕನ್ನಪ್ಪಣ್ಣ ತಿದ್ದಿದ ಹಾಳೆ ತಂದರು. ವಿದೇಶ ಸೇವೆ: ಶ್ರೀಲಂಕಾ. ಕೆಳಗೆ ಪದಕದ ಹೆಸರು. ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. "ಈಗ ಅವ ನನ್ನ ಪಕ್ಕದಲ್ಲೇ ಬಿದ್ದ" ಎಂದರು. ಹಾಳೆಯನ್ನು ಡಿಸ್ಚಾರ್ಜ್ ಬುಕ್ಕಿನೊಳಗಿಟ್ಟು ಚಹಾ ಕುಡಿದರು.

ಅವರ ದಾಖಲೆ ಸರಿಯಾಯಿತು. ಕೆಟ್ಟದ್ದು ನನ್ನದು. ನನ್ನನ್ನು ಆಸ್ಪತ್ರೆಗೆ ಒಯ್ದವರು ಹೆಮ್ಮೆಯಿಂದ ಹೇಳಿದ್ದನ್ನು ಡಾಕ್ಟರು ನಂಬಿ, "ಹೋರಿ ಹಿಡಿಯುವ ಸ್ಪರ್ಧೆಯಲ್ಲಿ ಪೆಟ್ಟು" ಎಂದು ಬರೆದಿದ್ದಾರೆ. ಬಿ.ಎ. ಪದವೀಧರನಿಗೆ ಈ ವಯಸ್ಸಿನಲ್ಲಿ ಎಂಥ ಕಳಂಕ! ತಿದ್ದಿಸಲು ಶಿರಸಿಗೆ ಹೋದೆ. "ಸಾಕ್ಷಿ ತನ್ನಿ" ಎಂದರು. ಸಾಕ್ಷಿಗೇನು, ಇಡೀ ಊರೇ ಇದೆ. ಆದರೆ ನಾನು ಹೋರಿ ಹಿಡಿದೆ ಎಂದೇ ಎಲ್ಲರೂ ಆಣೆ ಮಾಡುತ್ತಾರೆ. ವಿಡಿಯೋ ಬೇರೆ ಯಲ್ಲಾಪುರದವರೆಗೆ ಹೋಗಿದೆ.

"ಇರ್ಲಿ ಬಿಡಿ" ಎಂದಳು ಸುನಂದಾ. "ನಿಂಗಳ ಜನ್ಮದಲ್ಲಿ ಶೌರ್ಯದ್ದು ಹೇಳಿ ಇಪ್ಪ ಕಾಗದ ಅದೊಂದೇಯ."

ಬಿಡಲು ಮನಸ್ಸಾಗದೆ ತಿದ್ದುಪಡಿ ಅರ್ಜಿ ಬರೆಯಲು ಕೂತೆ. ನಾನು ಆ ಪ್ರಾಣಿಯನ್ನು ಹಿಡಿದಿಲ್ಲ, ಹಿಡಿಯುವ ಧೈರ್ಯವೂ ನನಗಿಲ್ಲ ಎಂಬುದನ್ನು ಖಡಾಖಂಡಿತವಾಗಿ ರುಜುವಾತುಪಡಿಸುವುದು ಹೇಗೆಂದು ಯೋಚಿಸುತ್ತಿದ್ದಾಗ ರಸ್ತೆಯಲ್ಲಿ ಯಾರದೋ ದನದ ಗಂಟೆ ಕೇಳಿತು.

ಉಳಿದ ಅರ್ಜಿಯನ್ನು ಅಟ್ಟದ ಮೇಲೆ ಕೂತು ಬರೆದು ಮುಗಿಸಿದೆ.