ಮಾಲಕರಿಲ್ಲದ ಕಟ್ಟೆ

ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರೆ. ಬನಹಟ್ಟಿಯ ಪರಮಾನಂದನಿಗೆ ಬಾಯಿಯೂ ಬೇಕಾಗಲಿಲ್ಲ, ಒಂದು ಹೆಬ್ಬೆರಳು ಸಾಕಾಯಿತು.

ಭಜನೆ ಮೇಳದ ನಾಲ್ವರ ಹರಟೆಗೆಂದು ಶಿದ್ರಾಮಪ್ಪನ ಮಗಳು ಅಕ್ಷತಾ ಹೊಸ ಆ್ಯಪ್ ಹಾಕಿಕೊಟ್ಟಿದ್ದಳು. ಹೊರಗಿನವರಿಗೆ ಪ್ರವೇಶವಿಲ್ಲ, ಹೆಸರು ಮುಚ್ಚಿಡಬಹುದು. ಪರಮಾನಂದ ಗೂಬೆಯ ಚಿತ್ರ ಹಾಕಿ 'ಗೂಗಿ'ಯಾದ. ಹೋದ ಸೋಮವಾರ ಅವನು ಹಾಡುತ್ತಿದ್ದ ಪದವನ್ನು ನಡುವೆಯೇ ಕಸಿದು ಶಿದ್ರಾಮಪ್ಪ ಹಾಡಿದ್ದನಲ್ಲ, ಆ ಸಿಟ್ಟಿಗೆ ಬೆಳಿಗ್ಗೆ ಬರೆದೇಬಿಟ್ಟ: 'ಶಿದ್ರಾಮಪ್ಪ ಹಾಡಿದ್ರ ಈಯೂ ಎಮ್ಮಿ ನೆನಪಾಗತೈತಿ.'

ಚಹಾ ಆರುವುದರೊಳಗೆ ಸಿಟ್ಟೂ ಆರಿತು. ಅಪ್ಪ ಸತ್ತಾಗ ಹೆಗಲು ಕೊಟ್ಟ ಗೆಳೆಯನಿಗೆ ಇಂಥ ಮಾತೇ! ಬಸ್ ಸ್ಟ್ಯಾಂಡಿಗೆ ಓಡಿ, ಜಮಖಂಡಿಗೆ ಹೊರಟು ನಿಂತಿದ್ದ ಅಕ್ಷತಾಳನ್ನು ಹಿಡಿದ.

"ಬರದದ್ದು ಅಳಸೂದು ಹೆಂಗವಾ?"

"ಇದಕ್ಕ ಮಾಲಕರ ಇಲ್ರಿ ಕಾಕಾ, ಯಾರನ್ನ ಕೇಳೂದು? ಒಬ್ಬೊಬ್ಬರ ಫೋನಿನ್ಯಾಗ ಒಂದೊಂದು ನಕಲು. ಅವರವರ ಅಳಸ್ಕೋಬೇಕು. ಆದ್ರ ಅದು ದಾಟಬೇಕಂದ್ರ..."

ಜಮಖಂಡಿ ಬಸ್ಸು ಬಂತು. ಉಳಿದದ್ದನ್ನು ಕೇಳಲು ಪರಮಾನಂದ ಅಲ್ಲಿದ್ದರೆ ತಾನೇ?

ಮೊದಲು ಧರೆಪ್ಪನ ಮನೆ. ಫೋನು ಕಸಿದು ನೋಡಿದರೆ ಎಮ್ಮೆ ಅಲ್ಲೇ ನಿಂತಿತ್ತು. ಅಳಿಸಿದ.

"ಏ, ನಾ ಇನ್ನೂ ನೋಡೇ ಇದ್ದಿಲ್ಲ! ಗೂಗಿ ನೀನೇನಲೇ?" ಧರೆಪ್ಪ ಬಿದ್ದು ಬಿದ್ದು ನಕ್ಕ.

ಆಮೇಲೆ ಹೊಲಿಗೆ ಯಂತ್ರದ ಮುಂದಿದ್ದ ಸಾವಕ್ಕ. "ನೀ ಹೊಸ್ತಿಲಾ ದಾಟೂದಕ್ಕೂ ಇದು ಬರೂದಕ್ಕೂ ಸರಿಹೋತು ನೋಡು. ಎಂಥಾ ಮಾತು ಬರದೀಯೋ ಪರಮ್ಯಾ!" ಎಂದು ಬೈದಳು. ಅದನ್ನೂ ಅಳಿಸಿದ.

ಉಳಿದದ್ದು ಶಿದ್ರಾಮಪ್ಪ. "ಬಾರಲೇ, ಚಹಾ ಕುಡಿಯೂಣು," ಎಂದ. ಪರಮಾನಂದ ಕುರ್ಚಿಗೆ ಕೂತನೋ ಇಲ್ಲವೋ, ಗೆಳೆಯನ ಕೈಯಲ್ಲಿದ್ದ ಫೋನು ಟಣ್ ಎಂದಿತು. ಶಿದ್ರಾಮಪ್ಪ ಕನ್ನಡಕ ಏರಿಸಿ ಓದಿದ. ಪರಮಾನಂದನ ಮುಖ ನೋಡಿದ. ನೋಡಿದರೆ ಸಾಕಿತ್ತು, ಹೆಸರು ಬೇರೆ ಯಾಕೆ? ಎದ್ದು ಒಳಗೆ ಹೋದ. ಚಹಾ ಬರಲಿಲ್ಲ.

ಸಂಜೆ ಅಕ್ಷತಾ ಸಿಕ್ಕಳು. "ಪೂರ್ತಿ ಕೇಳಬಾರದೇನ್ರಿ ಕಾಕಾ? ಎರಡು ಫೋನು ಹತ್ತರ ಬಂದ್ರಷ್ಟ ಮಾತು ದಾಟತೈತಿ. ನಿಮ್ಮ ಫೋನಿನ್ಯಾಗಿಂದು ಅಳಿಸಿ ಮನ್ಯಾಗ ಕುಂತಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ. ಅದನ್ನ ಮನಿಮನಿಗೆ ಹೊತ್ತು ಹಂಚಿದವ್ರು ನೀವ!"

ಮುಂದಿನ ಸೋಮವಾರದ ಭಜನೆಗೆ ಶಿದ್ರಾಮಪ್ಪ ಬರಲಿಲ್ಲ. ಪರಮಾನಂದನ ಪದವನ್ನು ಯಾರೂ ತಡೆಯಲಿಲ್ಲ. ಮೂರನೆಯ ನುಡಿಗೆ ಎಂದಿನಂತೆ ಅವನ ದನಿ ಒಡೆಯಿತು. ಪ್ರತಿ ಸಲ ಅಲ್ಲಿಂದ ಪದ ಎತ್ತಿಕೊಂಡು ತನ್ನ ಮರ್ಯಾದೆ ಉಳಿಸುತ್ತಿದ್ದವನು ಯಾರೆಂದು ಆಗ ತಿಳಿಯಿತು.